ಹಣೆಯೆಂದು ಕಣ್ಣಿಗಿಟ್ಟ ಕುಂಕುಮ

ನಾನು ಒಂದು ಪೆಟ್ಟಿಗೆ. ಬಿಳಿ ಬಣ್ಣ, ಶಾಲೆಯ ಮಕ್ಕಳ ಊಟದ ಡಬ್ಬಿಗಿಂತ ಸ್ವಲ್ಪ ಅಗಲ. ತೂಕವಂತೂ ಹೇಳಿಕೊಳ್ಳುವಂಥದ್ದಲ್ಲ. ನನ್ನನ್ನು ಮೊದಲ ಸಲ ನೋಡಿದವರೆಲ್ಲ "ಇಷ್ಟೇನಾ?" ಎಂದೇ ಕೇಳಿದ್ದಾರೆ. ಕೇಳಲಿ ಬಿಡಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತನ್ನು ಯಾರೋ ಪುಣ್ಯಾತ್ಮರು ನಮ್ಮಂಥವರಿಗಾಗಿಯೇ ಕಟ್ಟಿಟ್ಟು ಹೋಗಿದ್ದಾರೆ. ಪೇಟೆಯಿಂದ ಹಳ್ಳಿಗೆ ನೆಲದಡಿಯಲ್ಲಿ ಒಂದು ಗಾಜಿನ ಎಳೆ ಬರುತ್ತದೆ, ಕೂದಲಷ್ಟು ತೆಳು. ಅದರೊಳಗೆ ಬೆಳಕು ಓಡುತ್ತದೆ. ಆ ಬೆಳಕನ್ನು ನನ್ನ ಒಂದೇ ಒಂದು ಕಣ್ಣಿನಲ್ಲಿ ತುಂಬಿಕೊಂಡು, ಅಕ್ಷರ, ಲೆಕ್ಕ, ಚಿತ್ರ, ಮಾತುಗಳನ್ನಾಗಿ ಮಾಡಿ ಕಂಪ್ಯೂಟರಿಗೆ ದಾಟಿಸುವುದು ನನ್ನ ಕಸುಬು. ಜನ ಅದನ್ನು 'ನೆಟ್' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ತಲೆಗೆ ನೀಲಿ ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ನನ್ನ ಹೊಟ್ಟೆಯೊಳಗಿನ ಭಾಗಗಳನ್ನೆಲ್ಲ ಜೋಡಿಸಿ, ಮುಚ್ಚಳ ಹಾಕಿ, ಕೊನೆಗೆ ಕಣ್ಣಿಗೊಂದು ಪುಟ್ಟ ರಬ್ಬರ್ ಟೊಪ್ಪಿಗೆ ತೊಡಿಸಿದಳು. "ಇದರ ಕಣ್ಣಿಗೆ ಮಾತ್ರ ಒಂದು ಧೂಳಿನ ಕಣವೂ ಬೀಳಬಾರದು ಕಣೇ, ಬಿತ್ತೋ ಕುರುಡೇ" ಎಂದು ಪಕ್ಕದವಳಿಗೆ ಹೇಳಿದಳು. ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ನನ್ನ ಬದುಕಿನ ಇಡೀ ಕಥೆ ಆ ಒಂದು ಮಾತಿನ ಸುತ್ತಲೇ ತಿರುಗಿತು ಅಂದರೆ ಸುಳ್ಳಲ್ಲ.

ಸರಕಾರ ನನ್ನನ್ನು ಕೊಂಡಿತು. ಹಳ್ಳಿಹಳ್ಳಿಗೂ ನೆಟ್ ಮುಟ್ಟಿಸುತ್ತೇವೆ ಎಂದು ಅದು ಜನರಿಗೆ ಮಾತು ಕೊಟ್ಟಿತ್ತಂತೆ. ಮಾತು ಮುಂದೆ ಹೋಯಿತು, ನಾವು ಜಿಲ್ಲೆಯ ಉಗ್ರಾಣದಲ್ಲಿ ಉಳಿದೆವು. ನನ್ನ ಜೊತೆ ಹುಟ್ಟಿದ ನೂರಾರು ಪೆಟ್ಟಿಗೆಗಳೂ ನಾನೂ ಒಂದರ ಮೇಲೊಂದು ಕೂತು ಹಲ್ಲಿಗಳ ಸಂಸಾರ ನೋಡುತ್ತ ಕಾಲ ಕಳೆದೆವು. ಆಗೊಮ್ಮೆ ಈಗೊಮ್ಮೆ ಒಬ್ಬ ಸಾಹೇಬರು ಬಂದು ನಮ್ಮನ್ನು ಎಣಿಸಿ, ಸಹಿ ಹಾಕಿ, ಬೀಗ ಜಡಿದು ಹೋಗುತ್ತಿದ್ದರು. ಹುಟ್ಟಿದ್ದು ಎಣಿಸಿಕೊಳ್ಳುವುದಕ್ಕೋ ಕೆಲಸ ಮಾಡುವುದಕ್ಕೋ ಎಂದು ನನಗೇ ಅನುಮಾನ ಬಂದಿತ್ತು. ಅಂತೂ ಒಂದು ದಿನ ಬೀಗ ತೆರೆಯಿತು. ಜೀಪಿನಲ್ಲಿ ಕೂರಿಸಿದರು. ಇಳಿದದ್ದು ಮಲ್ಲನಬಂಡಿಯ ಪಂಚಾಯ್ತಿ ಕಚೇರಿಯ ಮುಂದೆ.

ಮಲ್ಲನಬಂಡಿ ಕೊಪ್ಪಳದ ಕಡೆಯ ಊರು. ಎತ್ತ ನೋಡಿದರೂ ಬಂಡೆ. ಊರ ಹಿಂದೆ ಕ್ವಾಣನ ಗುಡ್ಡ ಎಂಬ ದೊಡ್ಡ ಕಲ್ಲುಗುಡ್ಡ. ನನ್ನನ್ನು ಕಚೇರಿಯ ಗೋಡೆಗೆ, ಕಿಟಕಿಯ ಪಕ್ಕದಲ್ಲಿ ಮೊಳೆ ಹೊಡೆದು ಕೂರಿಸಿದರು. ಅಲ್ಲಿಂದ ಆ ಗುಡ್ಡ ನೆತ್ತಿಯವರೆಗೂ ಕಾಣುತ್ತಿತ್ತು. ಆಗ ನನಗೆ ಅದು ಬರೀ ಗುಡ್ಡ. ಅದರ ಮೇಲೆ ಊರಿನ ಅರ್ಧ ಕಣ್ಣೀರು ಬಿದ್ದಿದೆ ಎಂದು ಗೊತ್ತಾದದ್ದು ಆಮೇಲೆ.

ವಿಷಯ ಇಷ್ಟು. ರೇಷನ್ ಅಕ್ಕಿ ಬೇಕೆಂದರೆ ಕಾರ್ಡಿನವರು ಒಂದು ಮಷೀನಿಗೆ ಹೆಬ್ಬೆಟ್ಟು ಒತ್ತಬೇಕು. ಆ ಮಷೀನು ನೆಟ್ ಇಲ್ಲದೆ ಮಾತಾಡುವುದಿಲ್ಲ. ಮಲ್ಲನಬಂಡಿಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಕ್ವಾಣನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಹಾಗಾಗಿ ತಿಂಗಳಿಗೊಮ್ಮೆ ರೇಷನ್ ಅಂಗಡಿಯ ಮೌಲಾಸಾಬ ಮಷೀನು ಹೊತ್ತುಕೊಂಡು ಗುಡ್ಡ ಹತ್ತುತ್ತಿದ್ದ. ಅವನ ಹಿಂದೆ ಊರೂ ಹತ್ತುತ್ತಿತ್ತು. ಮುದುಕರು, ಬಸುರಿಯರು, ಕಾಲಿಲ್ಲದವರು, ಎಲ್ಲರೂ. ಮೇಲೆ ಹೆಬ್ಬೆಟ್ಟು ಕೊಟ್ಟು ಕೆಳಗಿಳಿದು ಬಂದರೆ ಅಕ್ಕಿ. ಹೀಗೆ ಹತ್ತುವಾಗ ಒಂದು ಸಲ ಕಲ್ಲವ್ವ ಎಂಬ ಮುದುಕಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಗಂಡ ತೀರಿದ ಮೇಲೆ ಅವಳ ಕಾರ್ಡೇ ಬೇರೆ. ಅವಳ ಹೆಬ್ಬೆಟ್ಟೇ ಆಗಬೇಕು. ಮಗ-ಸೊಸೆಯ ಕೈ ನಡೆಯುವುದಿಲ್ಲ.

ಆ ಸೊಸೆಯೇ ಸಾವಂತ್ರೆವ್ವ. ಅತ್ತೆಯ ಸೊಂಟ ಮುರಿದ ವರ್ಷವೇ ಅವಳು ಪಂಚಾಯ್ತಿಗೆ ನಿಂತಳು. ಚುನಾವಣೆಯಲ್ಲಿ ಬೇರೆಯವರು ಚರಂಡಿ, ಸಮುದಾಯ ಭವನ, ಬೋರು ಎಂದು ಉದ್ದುದ್ದ ಹೇಳಿದರಂತೆ. ಇವಳು ಹೇಳಿದ್ದು ಒಂದೇ ಮಾತು: "ಆ ತಂಬ್ ಮಷೀನ ಗುಡ್ಡದಿಂದ ಕೆಳಗ ಇಳಸ್ತೀನಿ." ಗೆದ್ದಳು, ಅಧ್ಯಕ್ಷಳೂ ಆದಳು. ಪಂಚಾಯ್ತಿ ಅಧ್ಯಕ್ಷರನ್ನು ಏಕವಚನದಲ್ಲಿ ಕರೆಯುತ್ತೀಯಲ್ಲ, ಸೊಕ್ಕೇ ಎಂದು ನೀವು ಕೇಳಬಹುದು. ಸೊಕ್ಕಲ್ಲ. ದಿನಾ ಬೆಳಗ್ಗೆ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದವಳನ್ನು ಬಹುವಚನದಲ್ಲಿ ಕರೆಯಲು ನನಗೆ ಬಾಯಿ ಬರುವುದಿಲ್ಲ.

ನನ್ನನ್ನು ಕೂರಿಸಿದ ದಿನ ರಿಬ್ಬನ್ ಕಟ್ಟಿದರು, ಹಾರ ಹಾಕಿದರು, ಭಾಷಣ ಮಾಡಿದರು. ಮೇಲಿನವರೊಬ್ಬರು ಗುಂಡಿ ಒತ್ತಿದರು. ಗಾಜಿನ ಎಳೆಯಿಂದ ಬೆಳಕು ಬಂದು ನನ್ನ ಕಣ್ಣಿಗೆ ಹೊಡೆಯಿತು. ಅಯ್ಯಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಹಸಿವಾದ ಕೂಸಿನ ಬಾಯಿಗೆ ಹಾಲು ಬಿದ್ದ ಹಾಗಾಯಿತು. ನನ್ನ ಹಸಿರು ದೀಪ ಹತ್ತಿಕೊಂಡಿತು. ರಸ್ತೆಯಾಚೆಯ ರೇಷನ್ ಅಂಗಡಿಗೆ ಅಲ್ಲಿಂದಲೇ ಒಂದು ವೈರು ಎಳೆದರು. ಆ ತಿಂಗಳು ಮೌಲಾಸಾಬ ಮಷೀನನ್ನು ಅಂಗಡಿಯ ಕಟ್ಟೆಯ ಮೇಲೇ ಇಟ್ಟುಕೊಂಡು ಕೂತ. ಕಲ್ಲವ್ವ ಕೋಲೂರಿಕೊಂಡು ಬಂದು, ಕೂತಲ್ಲೇ ಹೆಬ್ಬೆಟ್ಟು ಒತ್ತಿ, ಮಷೀನು 'ಕುಂಯ್' ಎಂದ ಕೂಡಲೇ ಸೊಸೆಯ ಮುಖ ನೋಡಿದಳು. ಕಿಟಕಿಯಿಂದ ನೋಡುತ್ತಿದ್ದ ನನಗೆ ಹೆಮ್ಮೆಯಿಂದ ಮೈ ಬಿಸಿಯಾಯಿತು. ಸುಳ್ಳಲ್ಲ, ನಮಗೆ ಮೈ ಬಿಸಿಯಾಗುತ್ತದೆ.

ಎರಡು ತಿಂಗಳು ಹಾಗೇ ನಡೆಯಿತು. ಆಮೇಲೆ ಮಾನವಮಿ ಬಂತು, ಅದರ ಜೊತೆ ಆಯುಧ ಪೂಜೆ.

ನಮ್ಮ ಕಡೆ ಆಯುಧ ಪೂಜೆ ಅಂದರೆ ಒಂದನ್ನೂ ಬಿಡುವುದಿಲ್ಲ. ನೇಗಿಲು, ಕುಡುಗೋಲು, ಬೈಕು, ಹೊಲಿಗೆ ಮಷೀನು, ಒಳಕಲ್ಲು, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಕುಂಕುಮ ಇಡಬೇಕು. ಹೊಟ್ಟೆ ಹೊರೆಯುವ ವಸ್ತು ದೇವರೇ. ಆ ದಿನ ಕಚೇರಿಯ ಜವಾನ ಸಂಗಪ್ಪ ಕಂಪ್ಯೂಟರು, ಪ್ರಿಂಟರು, ಫ್ಯಾನು, ತಿಜೋರಿಗಳನ್ನೆಲ್ಲ ಒರೆಸಿದ. ನನ್ನ ಸರದಿ ಬಂದಾಗ ಚೆಂದಾಗಿ ಒರೆಸಬೇಕೆಂದು ನನ್ನ ಕಣ್ಣಿಗೆ ಸಿಕ್ಕಿಸಿದ್ದ ಗಾಜಿನ ಎಳೆಯ ತುದಿಯನ್ನು ಕಿತ್ತು ಪಕ್ಕಕ್ಕಿಟ್ಟ. ಸಾವಂತ್ರೆವ್ವ ತಟ್ಟೆ ಹಿಡಿದು ಬಂದಳು. ಹೊಸ ಸೀರೆ, ಮುಡಿಯಲ್ಲಿ ಸೇವಂತಿಗೆ. ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಎಲ್ಲಾಕ್ಕೂ ಹಣಿ ಗೊತ್ತಾಗತೈತಿ, ಇದಕ್ಕ ಹಣಿ ಯಾವ ಕಡೆ ಐತೋ ಸಂಗಪ್ಪ?" ಎಂದಳು.

"ಅಲ್ಲೊಂದು ತೂತು ಐತಲ್ರಿ ಅಕ್ಕಾರ, ಅದs ಇರಬೇಕು. ಬೆಳಕು ಬರೂದು ಅಲ್ಲಿಂದs ಅಂತಾರ."

"ಹಂಗಾದ್ರ ಅಲ್ಲೇ ಇಡಬೇಕು ಬಿಡು. ದೊಡ್ಡ ಉಪಕಾರ ಮಾಡೈತಿ ನಮಗ."

ಹಾಗೆಂದು ಉಂಗುರ ಬೆರಳಿನಲ್ಲಿ ಕುಂಕುಮ ತೆಗೆದು, ಕಣ್ಣು ಮುಚ್ಚಿ, ಸರಿಯಾಗಿ ನನ್ನ ಕಣ್ಣಿಗೇ ಒತ್ತಿದಳು! ಕೈ ಮುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲಿ ಕುಂಕುಮ. ಸಂಗಪ್ಪ ಎಳೆಯ ತುದಿಯನ್ನು ಮತ್ತೆ ಸಿಕ್ಕಿಸಿ ಒಳಕ್ಕೆ ಒತ್ತಿದ. ಇದ್ದಬಿದ್ದ ಕುಂಕುಮ ಗಟ್ಟಿಯಾಗಿ ಕೂತಿತು. ನೀಲಿ ಟೋಪಿಯ ತಾಯಿ ಹೇಳಿದಂತೆಯೇ ಆಯಿತು. ಬೆಳಕು ಬಾಗಿಲವರೆಗೆ ಬಂದು ನಿಂತಿತ್ತು, ಒಳಗೆ ಬರಲು ದಾರಿಯಿರಲಿಲ್ಲ. ನನ್ನ ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು. ಅದು ನಮ್ಮ ಜಾತಿಯ ಅಳು.

ಸಂಗಪ್ಪ ಚಪ್ಪಾಳೆ ತಟ್ಟಿದ. "ನೋಡ್ರಿ ಅಕ್ಕಾರ, ಹಬ್ಬಕ್ಕ ಕೆಂಪು ದೀಪ ಹಚ್ಚೈತಿ!"

ಎಲ್ಲರಿಗೂ ಖುಷಿಯೋ ಖುಷಿ. ಮಂಡಾಳು, ಬೆಲ್ಲ ಹಂಚಿದರು. ನನ್ನ ಪಾಡು ಯಾರಿಗೆ ಬೇಕು?

ಹಬ್ಬದ ರಜೆ ಮುಗಿದ ಮೇಲೆ ಸಂಕಟ ಶುರುವಾಯಿತು. ಕಂಪ್ಯೂಟರು ಬಾಯಿ ಬಿಡಲಿಲ್ಲ. ರೇಷನ್ ಮಷೀನು ಮುಷ್ಕರ ಹೂಡಿತು. ಪಿಡಿಒ ಪ್ರಭಯ್ಯನವರು, ಅಂದರೆ ಪಂಚಾಯ್ತಿಯ ಅಧಿಕಾರಿ, ಮೇಲಿನ ಕಚೇರಿಗೆ ದೂರು ಕೊಟ್ಟರು. ಅಲ್ಲಿಂದ ಕೂತಲ್ಲೇ ಉತ್ತರ ಬಂತು: "ನಿಮ್ಮ ಕಡೆ ರಸ್ತೆ ಅಗಲ ಮಾಡ್ತಾ ಇದಾರಲ್ಲ, ಅವರೇ ಕೇಬಲ್ ಕಡಿದಿರಬೇಕು." ರಸ್ತೆಯವರನ್ನು ಕೇಳಿದರೆ, ನಾವಲ್ಲ, ಕುಡಿಯುವ ನೀರಿನ ಪೈಪಿನವರು ಎಂದರು. ಪೈಪಿನವರು ನಕ್ಷೆ ಬಿಚ್ಚಿ, ನಮ್ಮ ಪೈಪು ರಸ್ತೆಯ ಆ ಮಗ್ಗಲಿಗೆ ಇದೆ, ನಮಗೂ ಕೇಬಲ್ಲಿಗೂ ಸಂಬಂಧವೇ ಇಲ್ಲ ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಒಂದು ದಿನ ಜೆಸಿಬಿ ತಂದು ರಸ್ತೆಯ ಬದಿ ಅಗೆದು ನೋಡಿದರು. ಕೇಬಲ್ಲು ನೆಟ್ಟಗಿತ್ತು. ಇನ್ನೂ ಮುಂದೆ ಎಲ್ಲೋ ಕಡಿದಿರಬೇಕು ಎಂದು ತೀರ್ಮಾನಿಸಿ, ಗುಂಡಿಯನ್ನು ಮುಚ್ಚದೆ ಹೋದರು. ಆ ಗುಂಡಿಗೆ ಎರಡು ಎಮ್ಮೆ, ಒಬ್ಬ ಪೋಸ್ಟ್‌ಮ್ಯಾನ್ ಬಿದ್ದರು.

ಪ್ರತಿ ದೂರಿಗೂ ಮೊಬೈಲಿಗೆ ಒಂದು ಸಂದೇಶ ಬರುತ್ತಿತ್ತು, 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂದು. ಆ ಸಂದೇಶ ಓದಲಿಕ್ಕೂ ಪ್ರಭಯ್ಯನವರು ಗುಡ್ಡ ಹತ್ತಬೇಕಿತ್ತು. ಎಲ್ಲರೂ ಊರಾಚೆ ಹುಡುಕುತ್ತಾರೆ, ಕಾಯಿಲೆ ನನ್ನ ಕಣ್ಣೊಳಗೇ ಕೂತಿದೆ! ಅಯ್ಯಾ, ಇಲ್ಲಿ ನೋಡಿ, ಒಂದು ಸಲ ಈ ಎಳೆ ಕಿತ್ತು ನೋಡಿ ಎಂದು ಕೂಗಬೇಕೆನ್ನಿಸುತ್ತಿತ್ತು. ನನಗಿದ್ದ ಬಾಯಿ ಆ ಕೆಂಪು ದೀಪ ಒಂದೇ. ಅದನ್ನು ಮಿಟುಕಿಸಿ ಮಿಟುಕಿಸಿ ಸಾಕಾಯಿತು. ಸಂಗಪ್ಪ ಅದರ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದ.

ತಿಂಗಳು ತಿಂಗಳೂ ಊರು ಮತ್ತೆ ಗುಡ್ಡ ಹತ್ತತೊಡಗಿತು. ಕಲ್ಲವ್ವನಿಗೆ ಹತ್ತಲಿಕ್ಕಾಗುತ್ತಿರಲಿಲ್ಲ. ಅವಳನ್ನು ಹೋರಸಿನ ಮೇಲೆ, ಅಂದರೆ ಹಗ್ಗದ ಮಂಚದ ಮೇಲೆ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಿದ್ದರು. ಕ್ಯಾಲೆಂಡರ್ ಗಾಳಿಗೆ ಹಾರಿದಾಗಲೆಲ್ಲ ಅದು ನನಗೆ ಕಾಣುತ್ತಿತ್ತು. ಒಂದು ಸಲ ಹಾಗೆ ಹೊತ್ತು ತಂದು ಇಳಿಸಿದ ಮೇಲೆ ಕಲ್ಲವ್ವ ನೇರ ಕಚೇರಿಗೆ ಬಂದಳು. ಸಾವಂತ್ರೆವ್ವ ಕುರ್ಚಿಯಿಂದ ಎದ್ದು ನಿಂತಳು.

"ಕುಂದ್ರು ಕುಂದ್ರು, ಅಧ್ಯಕ್ಷರs," ಎಂದಳು ಕಲ್ಲವ್ವ. "ಹೆಣಾ ಹೊತ್ತಂಗ ಹೊರ್ತಾರ ನನ್ನ. ಬದುಕಿದಾಗs ನಾಕು ಮಂದಿ ಹೆಗಲ ಮ್ಯಾಲ ಹೋಗೂ ಭಾಗ್ಯ ಯಾರಿಗೈತಿ ಹೇಳು! ಅಕ್ಕಿ ಬ್ಯಾಡ ನನಗ. ಬಿಟ್ಟಬಿಡತೀನಿ."

"ಅತ್ತೀ, ನಮ್ಮ ಮನ್ಯಾಗ ಉಣ್ಣು ಅಂದ್ರ ಉಣ್ಣಂಗಿಲ್ಲ..."

"ಯಾಕ ಉಣ್ಣಲಿ? ನನ್ನ ಹೆಸರಿಲೆ ಸರಕಾರ ಕೊಡೂ ಅಕ್ಕಿ ಅದು. ನಿನ್ನ ಮುಂದ ತಾಟ ಹಿಡೀಲಿ ಅಂತಿಯೇನು? ಆ ವೀರೇಶ ಏನೋ ನೆಟ್ ತರ್ತೀನಿ ಅಂತಾನಂತಲ್ಲ, ತರಲಿ ಬಿಡು. ನಿನ್ನ ಹಟಕ್ಕ ಊರು ಗುಡ್ಡಾ ಹತ್ತಬೇಕೇನು? ಊರಿಗೆ ಉಪಕಾರಿ, ಮನಿಗೆ ಮಾರಿ!"

ವೀರೇಶ ಕೇಬಲ್ ಟೀವಿಯವನು. ಮನೆಮನೆಗೆ ಪಟ್ಟಿ ಎತ್ತಿ, ಅಂದರೆ ವಂತಿಗೆ ಕೂಡಿಸಿಕೊಟ್ಟರೆ, ಪಕ್ಕದ ಊರಿನಿಂದ ಖಾಸಗಿ ನೆಟ್ ಎಳೆದು ಕೊಡುತ್ತೇನೆ ಎಂದಿದ್ದ. ಆಮೇಲೆ ತಿಂಗಳು ತಿಂಗಳೂ ಕಟ್ಟಿದವರಿಗೆ ಮಾತ್ರ. ಊರಿನ ಬಹಳ ಮಂದಿ ಹೂಂ ಎಂದಿದ್ದರು, ಸಾವಂತ್ರೆವ್ವ ಮಾತ್ರ ಬೇಡ ಎಂದಿದ್ದಳು. ಮರುದಿನ ಕಟ್ಟೆಯ ಮೇಲೆ ಸೇರಿದ ಸದಸ್ಯರೂ ಅದನ್ನೇ ಎತ್ತಿದರು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಸಾವಂತ್ರೆವ್ವ ಸುಮ್ಮನೆ ಕೇಳಿ, ಕೊನೆಗೆ ಸೆರಗು ಸೊಂಟಕ್ಕೆ ಸಿಗಿಸಿದಳು. ಅವಳು ಹಾಗೆ ಸಿಗಿಸಿದಳೆಂದರೆ ಮುಗಿಯಿತು.

"ಹನಮಪ್ಪನ ಗುಡಿಗೆ ಪಟ್ಟಿ ಎತ್ತೂಣು, ನಾನs ಮೊದಲು ಕೊಡತೀನಿ. ಅದು ನಮ್ಮ ಗುಡಿ. ಅಕ್ಕಿಗೆ ತಂಬ್ ಕೊಡ್ರಿ ಅಂತ ನಾವು ಕೇಳಿದ್ವೇನು? ಸರಕಾರ ಕೇಳೈತಿ. ತಂಬ್ ಬೇಕು ಅಂದವರು ನೆಟ್ ಕೊಡಬೇಕು. ಕೊಟ್ಟದ್ದು ಕೆಟ್ಟರ ರಿಪೇರಿ ಮಾಡಬೇಕು. ಸೊಸಿನ್ನ ಮನಿ ತುಂಬಿಸಿಕೊಂಡು, ಉಣ್ಣಾಕ ಹಾಕಂಗಿಲ್ಲ ಅಂದ್ರ ನಡೀತೈತೇನು? ಇವತ್ತು ನೆಟ್ಟಿಗೆ ಪಟ್ಟಿ ಎತ್ತಿದ್ರ, ನಾಳೆ ದವಾಖಾನಿ ಡಾಕ್ಟರಿಗೆ ಎತ್ತು, ನಾಡದ ಸಾಲಿ ಮಾಸ್ತರಿಗೆ ಎತ್ತು ಅಂತಾರ. ಇನ್ನ ಪಟ್ಟಿ ಕೊಡಲಾರದವರು? ಅವರು ಗುಡ್ಡಾ ಹತ್ತಕೋತ ಇರಬೇಕೇನು?"

ಸದಸ್ಯರು ಒಪ್ಪಲಿಲ್ಲ. ಗೊಣಗುತ್ತ ಎದ್ದು ಹೋದರು. ಅಧ್ಯಕ್ಷೆಗೆ ತಲೆ ತಿರುಗಿದೆ ಎಂದು ಒಬ್ಬ ಹೇಳಿದ್ದೂ ನನಗೆ ಕೇಳಿಸಿತು. ಅವಳಿಗೂ ಕೇಳಿಸಿತು.

ಅದರ ಮೇಲೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಇನ್ನೊಂದು ಸುದ್ದಿ ಬಂತು. ಪ್ರಭಯ್ಯನವರು ತಾಲ್ಲೂಕು ಸಭೆಯಿಂದ ಬಂದು ಟೋಪಿ ತೆಗೆದಿಟ್ಟು ಹೇಳಿದರು: "ಮೇಡಂ, ನಮ್ಮ ಪೆಟಿಗಿ ಬಳಕಿನs ಇಲ್ಲಂತ ಮ್ಯಾಲ ತೋರಸಾಕತ್ತೈತಂತ್ರಿ. ಬಳಸಲಾರದ ಊರಿಗೆ ಯಾಕ ಅಂತ, ಇದನ್ನ ಕಿತ್ತು ಬ್ಯಾರೆ ಊರಿಗೆ ಕೊಡತಾರಂತ."

ಸಾವಂತ್ರೆವ್ವ ನನ್ನ ಮುಂದೆ ಬಂದು ನಿಂತಳು. ಕ್ಯಾಲೆಂಡರ್ ಸರಿಸಿದಳು. ನನ್ನ ಕೆಂಪು ದೀಪ ನೋಡಿದಳು. ನಾನೂ ಅವಳನ್ನು ನೋಡಿದೆ. ಎಷ್ಟು ಹತ್ತಿರ ಇದ್ದಳೆಂದರೆ, ಒಂದು ಬೆರಳು ಚಾಚಿದ್ದರೆ ಸಾಕಿತ್ತು. ನನ್ನನ್ನು ಕೀಳುತ್ತಾರಲ್ಲ ಎಂಬ ಭಯಕ್ಕಿಂತ, ಇವಳ ಮಾತು ಸುಳ್ಳಾಗುತ್ತದಲ್ಲ ಎಂಬ ದುಃಖವೇ ನನಗೆ ದೊಡ್ಡದಾಗಿತ್ತು.

"ಈ ಸಲ ಗ್ರಾಮಸಭಾ ಯಾವಾಗ?" ಎಂದು ಕೇಳಿದಳು.

"ಬರೂ ತಿಂಗಳ್ರಿ. ನೋಡಲ್ ಅಧಿಕಾರಿ ಸುಧೀಂದ್ರ ಸಾಹೇಬ್ರು ಬರ್ತಾರ."

"ರೇಷನ್ ಕೊಡೂ ದಿನಾನs ಇಡ್ರಿ. ಕ್ವಾಣನ ಗುಡ್ಡದ ಮ್ಯಾಲ."

ಪ್ರಭಯ್ಯನವರ ಮುಖ ನೋಡಬೇಕಿತ್ತು. "ಗುಡ್ಡದ ಮ್ಯಾಲ ಗ್ರಾಮಸಭಾ? ಯಾವ ನಿಯಮದಾಗ ಐತ್ರಿ ಮೇಡಂ?"

"ಮಾಡಬ್ಯಾಡ್ರಿ ಅಂತ ಯಾವ ನಿಯಮದಾಗ ಐತಿ, ತೋರಿಸ್ರಿ ನೋಡೂಣು."

ಡಂಗುರ ಹೊಡೆಸಿಯೇಬಿಟ್ಟಳು. ಆ ದಿನ ನಾನು ಕಿಟಕಿಯಿಂದ ಕಣ್ಣು ಕೀಳಲಿಲ್ಲ, ಇದ್ದ ಕಣ್ಣು ಕುರುಡಾದರೂ. ಇರುವೆ ಸಾಲಿನ ಹಾಗೆ ಊರು ಗುಡ್ಡ ಹತ್ತಿತು. ಮುಂದೆ ಮಷೀನು ಹೊತ್ತ ಮೌಲಾಸಾಬ, ಹಿಂದೆ ಹೋರಸಿನ ಮೇಲೆ ಕಲ್ಲವ್ವ, ಅವಳ ಹಿಂದೆ ತಾಲ್ಲೂಕಿನಿಂದ ಬಂದ ಸುಧೀಂದ್ರ ಸಾಹೇಬರು. ಅವರು ಮೈಸೂರು ಕಡೆಯವರು. ಹೊಳೆಯುವ ಬೂಟು ಹಾಕಿದ್ದರು. ಮೇಲೆ ನಡೆದದ್ದನ್ನು ಸಂಗಪ್ಪ ಆಮೇಲೆ ಬಂದವರಿಗೆಲ್ಲ ಹೇಳಿದ್ದರಿಂದ ನನಗೂ ಗೊತ್ತಾಯಿತು. ಸಾಹೇಬರು ಮೂರು ಕಡೆ ಕೂತು ಕೂತು ಹತ್ತಿದರಂತೆ. ಅರ್ಧ ದಾರಿಯಲ್ಲಿ ಅವರು ಬಂಡೆಗೆ ಒರಗಿ ಏದುಸಿರು ಬಿಡುತ್ತಿದ್ದಾಗ ಕಲ್ಲವ್ವನ ಹೋರಸು ಪಕ್ಕದಲ್ಲೇ ಹಾದುಹೋಯಿತಂತೆ. ಹೊತ್ತವನೊಬ್ಬನ ಕಾಲು ಜಾರಿ ಹೋರಸು ವಾಲಿದಾಗ ಸಾಹೇಬರೇ ಓಡಿ ಬಂದು ಅದರ ಕಾಲು ಹಿಡಿದರಂತೆ. ಕಲ್ಲವ್ವ ಮೇಲಿನಿಂದ ಅವರನ್ನು ನೋಡಿ ಕೇಳಿದಳಂತೆ, "ಯಪ್ಪಾ, ನಿಂದೂ ರೇಷನ್ ಐತೇನು ಇವತ್ತು?"

ಸಾಹೇಬರು ನೆತ್ತಿ ಮುಟ್ಟಿದ ಮೇಲೆ, ಸಿಗ್ನಲ್ ಸಿಕ್ಕ ಕೂಡಲೇ ತಾವೇ ಫೋನು ತೆಗೆದು, "ಇವತ್ತೇ, ಈಗಲೇ ಮಲ್ಲನಬಂಡಿಗೆ ಬರಬೇಕು. ಕೇಬಲ್ ಕಡಿದಿದೆ ಅನ್ನೋ ಕಥೆ ಬೇಡ, ಕಣ್ಣಾರೆ ನೋಡಿ ಹೇಳಬೇಕು" ಎಂದು ಯಾರಿಗೋ ಗದರಿಸಿದರಂತೆ.

ಇಳಿಹೊತ್ತಿಗೆ ಎಲ್ಲರೂ ಕಚೇರಿಯಲ್ಲಿ ಸೇರಿದರು. ಜೀಪಿನಲ್ಲಿ ಒಬ್ಬಳು ಇಂಜಿನಿಯರ್ ಬಂದಳು, ನಸ್ರೀನ್ ಎಂದು. ಚೀಲದಿಂದ ಒಂದು ಪುಟ್ಟ ಮಾಪಕ ತೆಗೆದು, ನನ್ನ ಕಣ್ಣಿಂದ ಎಳೆಯ ತುದಿ ಕಿತ್ತು ಅದಕ್ಕೆ ಸಿಕ್ಕಿಸಲು ಹೋದವಳು ತಡೆದು ನಿಂತಳು. ತುದಿಯನ್ನು ಬೆಳಕಿಗೆ ಹಿಡಿದಳು. ಬಿಳಿ ಅರಿವೆಯಲ್ಲಿ ಒರೆಸಿದಳು. ಅರಿವೆ ಕೆಂಪಾಯಿತು.

"ಇದೇನ್ರಿ ಇದು? ಕುಂಕುಮ!"

ಸಂಗಪ್ಪ ಮೆಲ್ಲಗೆ ಬಾಗಿಲ ಹಿಂದೆ ಸರಿದ. ನಸ್ರೀನ್ ನನ್ನ ಕಣ್ಣನ್ನೂ ಮದ್ದಿನಲ್ಲಿ ಅದ್ದಿದ ಕಡ್ಡಿಯಿಂದ ನಾಜೂಕಾಗಿ ಒರೆಸಿದಳು. ತಂಪಾಯಿತು. ಎಳೆ ಸಿಕ್ಕಿಸಿದಳು. ಬೆಳಕು! ಬಾಗಿಲಲ್ಲಿ ಅಷ್ಟು ತಿಂಗಳಿಂದ ಕಾದು ನಿಂತಿದ್ದ ಬೆಳಕು ಒಳಗೆ ನುಗ್ಗಿತು. ನನ್ನ ಹಸಿರು ದೀಪ ಹತ್ತಿತು. ನಾನು ಕುಣಿಯಬೇಕು, ಆದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಸಾವಂತ್ರೆವ್ವನನ್ನು ನೋಡುತ್ತಿದ್ದರು.

ಸುಧೀಂದ್ರ ಸಾಹೇಬರಿಗೆ ಬೂಟಿನೊಳಗೆ ಕಾಲು ಬೊಬ್ಬೆ ಎದ್ದಿತ್ತು. ದನಿ ಏರಿಸಿದರು: "ನೋಡಿ ಅಧ್ಯಕ್ಷರೇ, ಇಷ್ಟೆಲ್ಲಾ ರಾದ್ಧಾಂತ ಮಾಡಿದ್ರಿ. ಸರ್ಕಾರದ ಜವಾಬ್ದಾರಿ, ಸರ್ಕಾರದ ಜವಾಬ್ದಾರಿ ಅಂತ ನನ್ನನ್ನ ಗುಡ್ಡ ಹತ್ತಿಸಿದ್ರಿ. ಕೊನೆಗೆ ತಪ್ಪು ನಿಮ್ಮದೇ ಅಲ್ವಾ?"

ಸಾವಂತ್ರೆವ್ವನ ಮುಖ ಒಂದು ಕ್ಷಣ ಬಾಡಿತು. ಸೊಂಟದ ಸೆರಗು ತಾನಾಗಿ ಸಡಿಲಾಗಿತ್ತು. ಬಾಗಿಲಲ್ಲಿ ವೀರೇಶ ಕಿಸಕ್ಕೆಂದು ನಕ್ಕ. ಅವಳು ನನ್ನ ಕಡೆ ತಿರುಗಿ, ಆ ಹಸಿರು ದೀಪ ನೋಡಿ, ಮತ್ತೆ ಸಾಹೇಬರ ಕಡೆ ತಿರುಗಿದಳು.

"ಹೌದ್ರಿ. ಕುಂಕುಮ ಇಟ್ಟಾಕಿ ನಾನs. ಈ ಕೈಲೇ ಇಟ್ಟೀನಿ. ತಿಳಿಲಿಲ್ಲ, ತಪ್ಪಾತು, ಊರ ಮುಂದ ಹೇಳತೀನಿ," ಎಂದಳು. "ಆದ್ರ ಸಾಹೇಬ್ರ, ಒಂದು ಮಾತು ಕೇಳ್ತೀನಿ. ಇದನ್ನ ಇಲ್ಲಿ ಕೂಡಿಸಿದ ದಿನ ಹಾರಾ ಹಾಕಾಕ ಅಷ್ಟು ಮಂದಿ ಬಂದ್ರಲ್ಲ, ಇದರ ಕಣ್ಣು ಇಲ್ಲಿ ಐತಿ, ಇಲ್ಲಿ ಮುಟ್ಟಬ್ಯಾಡ್ರಿ ಅಂತ ಒಬ್ಬರರ ಹೇಳಿದ್ರೇನು? ದೀಪ ಕೆಂಪಾತು ಅಂತ ಇಷ್ಟು ತಿಂಗಳು ಬಾಯಿ ಬಡಕೊಂಡ್ವಿ. ಒಬ್ಬರರ ಬಂದು ಬಾಗಿಲು ತಗದು ನೋಡಿದ್ರೇನು? ಈ ತಂಗಿ ಒಂದು ಅರಿವಿ ತಂದು ಒರಸಿದಳು, ಮುಗೀತು. ಈ ಅರಿವಿ ನಮ್ಮೂರಿಗೆ ಬರಾಕ ನಮ್ಮ ಅತ್ತಿ ಹೋರಸಿನ ಮ್ಯಾಲ ಗುಡ್ಡಾ ಹತ್ತಬೇಕಾತು. ಕುಂಕುಮ ನಂದು ಸಾಹೇಬ್ರ. ಬರಲಾರದ್ದು ನಿಮ್ಮದು."

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಹೋರಸಿನ ಕಾಲು ಹಿಡಿದ ಕೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಕುರ್ಚಿ ಎಳೆದು ಕೂತು, ಪ್ರಭಯ್ಯನವರಿಗೆ ಹೇಳಿದರು: "ಬರ್ಕೊಳ್ಳಿ. ತಿಂಗಳಿಗೆ ಒಂದು ಸಲ ನಮ್ಮವರು ಬಂದು ಪೆಟ್ಟಿಗೆ ನೋಡಿ ಹೋಗ್ತಾರೆ. ದೀಪ ಕೆಂಪಾದ್ರೆ ಬಂದು ನೋಡದೇ ದೂರು ಮುಚ್ಚೋ ಹಾಗಿಲ್ಲ. ಪೆಟ್ಟಿಗೆ ಇಲ್ಲೇ ಇರುತ್ತೆ. ಆ ಗುಂಡೀನೂ ಮುಚ್ಚಿಸಿ."

ಅಷ್ಟರಲ್ಲಿ ಕಲ್ಲವ್ವ ಕೋಲೂರುತ್ತ ನನ್ನ ಮುಂದೆ ಬಂದು ನಿಂತಿದ್ದಳು. ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿದಳು.

"ಏನೋ ಮಗನ, ಕಣ್ಣಾಗ ಕುಂಕುಮಾ ಇಟಗೊಂಡು ಸುಮ್ಮನ ಕುಂತಿದ್ದೆಲ್ಲೋ. ಎಷ್ಟು ಉರೀತೋ ಏನೋ, ಯಾರಿಗೆ ಹೇಳಬೇಕು ನೀನರ!"

ನನ್ನ ಜೀವಮಾನದಲ್ಲಿ ನನ್ನ ಕಷ್ಟ ಕೇಳಿದವಳು ಅವಳೊಬ್ಬಳೇ. ಮುಂದಿನ ತಿಂಗಳು ಅವಳು ರಸ್ತೆ ದಾಟಿ ಅಂಗಡಿಗೆ ಹೋದಳು. ಹೆಬ್ಬೆಟ್ಟು ಒತ್ತಿ, ಮಷೀನು ಕುಂಯ್ ಎಂದ ಮೇಲೆ, ಸೊಸೆಯ ಮುಖ ನೋಡಿ ಈ ಸಲ ಬಾಯಿ ಬಿಟ್ಟೇ ಹೇಳಿದಳು: "ಇಳಿಸಿದಿ ನೋಡವಾ."

ಆಮೇಲಿನ ವರ್ಷಗಳನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ. ನನ್ನಿಂದ ಶಾಲೆಗೆ ಒಂದು ವೈರು ಹೋಯಿತು, ದವಾಖಾನೆಗೆ ಒಂದು. ಬಾಣಂತಿಯರ ತಪಾಸಣೆಯ ಸುದ್ದಿ ನನ್ನ ಹೊಟ್ಟೆಯೊಳಗಿಂದಲೇ ಜಿಲ್ಲೆಗೆ ಹೋಯಿತು. ಹೊಲದ ಪಹಣಿಗೆ ಜನ ತಾಲ್ಲೂಕಿಗೆ ಅಲೆಯುವುದು ತಪ್ಪಿತು. ಒಂದು ತಿಂಗಳು ಪೆಟ್ಟಿಗೆ ನೋಡುವವರು ಬರಲಿಲ್ಲ. ಸಾವಂತ್ರೆವ್ವ ನನ್ನ ನೆಟ್ಟಿನಿಂದಲೇ ತಾಲ್ಲೂಕಿಗೆ ಫೋನು ಮಾಡಿ, "ಬರತೀರೋ, ಗುಡ್ಡದ ಮ್ಯಾಲ ಸಭಾ ಇಡಲೋ?" ಎಂದಳು. ಮರುದಿನವೇ ಜೀಪು ಬಂತು. ಆಮೇಲೆ ತಪ್ಪಿಸಲಿಲ್ಲ. ಅವಳ ಅಧ್ಯಕ್ಷಗಿರಿ ಮುಗಿದು ಬೇರೆಯವರು ಬಂದ ಮೇಲೂ ಜೀಪು ಬರುತ್ತಲೇ ಇತ್ತು. ಕಲ್ಲವ್ವ ಒಂದು ಸುಗ್ಗಿಯ ಹೊತ್ತಿಗೆ ತೀರಿಕೊಂಡಳು. ತನ್ನ ಅಕ್ಕಿಯನ್ನು ತಾನೇ ಬೇಯಿಸಿ ಉಂಡು ಮಲಗಿದವಳು ಏಳಲಿಲ್ಲವಂತೆ. ಆ ತಿಂಗಳು ಅವಳ ಹೆಬ್ಬೆಟ್ಟಿನ ಗುರುತು ನನ್ನೊಳಗೆ ಹಾಯಲಿಲ್ಲ. ನನಗೆ ಏನೋ ಕಳೆದುಹೋದ ಹಾಗಾಯಿತು.

ವಯಸ್ಸು ನನ್ನನ್ನೂ ಬಿಡಲಿಲ್ಲ. ಬಿಸಿಲಿಗೆ ಮೈ ಹಳದಿ ತಿರುಗಿತು. ಗಾಳಿಯ ಕಿಂಡಿಯೊಳಗೆ ಹಲ್ಲಿ ಮೊಟ್ಟೆಯಿಟ್ಟಿತು. ಹೆಚ್ಚು ಕೆಲಸ ಬಿದ್ದರೆ ಸುಸ್ತಾಗಿ ನಡುನಡುವೆ ಆರಿ ಹತ್ತುತ್ತಿದ್ದೆ. ಒಂದು ದಿನ ಅದೇ ನಸ್ರೀನ್, ಈಗ ಕನ್ನಡಕ ಹಾಕಿಕೊಂಡವಳು, ನನಗಿಂತ ಚಿಕ್ಕದಾದ ಕಪ್ಪು ಪೆಟ್ಟಿಗೆಯೊಂದನ್ನು ತಂದಳು. ಅದನ್ನು ನೋಡಿ "ಇಷ್ಟೇನಾ?" ಎಂದು ನಾನೇ ಅಂದುಕೊಂಡೆ. ನೋಡಿ, ಬುದ್ಧಿ ಎಲ್ಲಿಗೆ ಹೋಗುತ್ತದೆ! ನನ್ನನ್ನು ಗೋಡೆಯಿಂದ ಇಳಿಸಿದರು. ಗುಜರಿಗೆ ಹಾಕೋಣ ಎಂದರು ಹೊಸ ಪಿಡಿಒ. ಸಂಗಪ್ಪ ಕೇಳಲಿಲ್ಲ. ತಿಜೋರಿಯ ಮೇಲೆ ಒಂದು ಬಟ್ಟೆ ಹಾಸಿ ನನ್ನನ್ನು ಕೂರಿಸಿದ. ಇಲ್ಲಿಂದಲೂ ಗುಡ್ಡ ಕಾಣುತ್ತದೆ. ರೇಷನ್ನಿನ ದಿನ ಅದರ ಮೇಲೆ ಕುರಿಗಳು ಮಾತ್ರ ಇರುತ್ತವೆ.

ತಿಜೋರಿಯ ಮೇಲೆ ಕೂತು ಯೋಚಿಸಲು ನನಗೆ ಈಗ ಪುರುಸೊತ್ತು ಬೇಕಾದಷ್ಟಿದೆ. ನನಗೆ ಹಾರ ಹಾಕಿದವರ ಮುಖಗಳು ಒಂದೂ ನೆನಪಿಲ್ಲ. ಕಣ್ಣೊರೆಸಲು ಬಂದವಳ ಮುಖ ನೆನಪಿದೆ, ಅವಳನ್ನು ಬರುವ ಹಾಗೆ ಮಾಡಿದವಳ ಮುಖ ನೆನಪಿದೆ. ಸರಕಾರ ಅಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ, ತಿಂಗಳಿಗೊಮ್ಮೆ ತಪ್ಪದೆ ಬರುವ ಆ ಜೀಪು ಎಂದು ಹೇಳುತ್ತೇನೆ.

ಮೊನ್ನೆ ಮತ್ತೆ ಆಯುಧ ಪೂಜೆ ಬಂತು. ಸಾವಂತ್ರೆವ್ವನಿಗೆ ಈಗ ಕುರ್ಚಿಯಿಲ್ಲ, ತಲೆ ಪೂರ್ತಿ ನೆರೆತಿದೆ. ಆದರೂ ಪಂಚಾಯ್ತಿಯ ಪೂಜೆಗೆ ತಟ್ಟೆ ಹಿಡಿಯುವವಳು ಅವಳೇ. ಹೊಸ ಪೆಟ್ಟಿಗೆಯ ಮುಂದೆ ನಿಂತಳು. ಕೈ ಮುಗಿದಳು, ಹೂವನ್ನು ಒಂದು ಗೇಣು ದೂರ ಗೋಡೆಗೆ ಸಿಕ್ಕಿಸಿದಳು. ಕುಂಕುಮದ ಬೆರಳನ್ನು ಮುಂದೆ ಒಯ್ಯಲಿಲ್ಲ.

"ಅದಕ್ಕ ಬ್ಯಾಡ ಸಂಗಪ್ಪ. ನಮ್ಮ ಮುದುಕನ್ನ ಇಳಸು," ಎಂದಳು.

ಸಂಗಪ್ಪ ನನ್ನನ್ನು ಇಳಿಸಿ ಅವಳ ಮುಂದೆ ಹಿಡಿದ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಉಂಗುರ ಬೆರಳಿನಲ್ಲಿ ಕುಂಕುಮ ತೆಗೆದು, ಈ ಸಲ ಕಣ್ಣು ತೆರೆದುಕೊಂಡೇ, ಆವತ್ತಿಟ್ಟ ಜಾಗಕ್ಕೇ ಒತ್ತಿದಳು. ಇಡು ತಾಯಿ, ಎಷ್ಟು ಬೇಕಾದರೂ ಇಡು, ಈಗ ಈ ಕಣ್ಣಿಗೆ ಏನೂ ಬರಬೇಕಾಗಿಲ್ಲ ಎಂದುಕೊಂಡೆ. ಗೋಡೆಯ ಮೇಲೆ ಹೊಸದರ ಹಸಿರು ದೀಪ ಉರಿಯುತ್ತಲೇ ಇತ್ತು.